ಹದಿನಾಲ್ಕು ಹೆಸರುಗಳ ಪಟ್ಟಿ: ಒಬ್ಬ ಮುಖ್ಯೋಪಾಧ್ಯಾಯಿನಿಯ ವೃತ್ತಿಜೀವನದ ಒಂದು ಪ್ರಕರಣ

ಇಲ್ಲಿ ದಾಖಲಿಸುತ್ತಿರುವ ಪ್ರಕರಣ ನಡೆದದ್ದು ಹಳೆಯ ಬೆಂಗಳೂರಿನ, ಕೃಷ್ಣರಾಜ ಮಾರುಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರವಿರುವ, ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ. ಶಾಲೆಯ ಹೆಸರನ್ನಾಗಲಿ, ಮುಖ್ಯೋಪಾಧ್ಯಾಯಿನಿಯವರ ಹೆಸರನ್ನಾಗಲಿ, ಮಕ್ಕಳ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಆದರೆ ನನ್ನ ಪಾತ್ರವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ನಾನು ಆ ಶಾಲೆಯ ಗಣಿತ ಶಿಕ್ಷಕ. ಈ ಬರಹದ ಶೀರ್ಷಿಕೆಯಲ್ಲಿರುವ ಪಟ್ಟಿಯನ್ನು ಸಿದ್ಧಪಡಿಸಿದವನು ನಾನೇ.

ಹಿನ್ನೆಲೆ

ಮೇಡಂ ತುಮಕೂರು ಜಿಲ್ಲೆಯವರು. ಬಿ.ಎಸ್ಸಿ., ಬಿ.ಇಡಿ. ಮುಗಿಸಿ 1991ರಲ್ಲಿ ಈ ಶಾಲೆಗೆ ವಿಜ್ಞಾನ ಸಹಶಿಕ್ಷಕಿಯಾಗಿ ಸೇರಿದರು. ಅನುದಾನಿತ ಶಾಲೆಗಳ ಕ್ರಮ ತಿಳಿದವರಿಗೆ ಆಗಿನ ಕಾಯುವಿಕೆ ಏನೆಂದು ಗೊತ್ತಿರುತ್ತದೆ. ನೇಮಕ ಮಾಡಿಕೊಳ್ಳುವುದು ಆಡಳಿತ ಮಂಡಳಿ, ಅನುಮೋದನೆ ಕೊಡುವುದು ಇಲಾಖೆ. ಈ ಎರಡರ ನಡುವೆ ಕಳೆದ ವರ್ಷಗಳಲ್ಲಿ ಮಂಡಳಿ ಕೊಟ್ಟಷ್ಟೇ ಸಂಬಳ. ಅವರ ಹುದ್ದೆಗೆ ಅನುಮೋದನೆ ಬರಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ಅವರು ಸಂಜೆ ಮನೆಪಾಠ ಹೇಳಿ ಕೋಣೆಯ ಬಾಡಿಗೆ ಕಟ್ಟಿದರು. ನಂತರದ ಇಪ್ಪತ್ತು ವರ್ಷ ಸಹಶಿಕ್ಷಕಿ, ಮತ್ತೆ ಮೂರು ವರ್ಷ ಪ್ರಭಾರ ಮುಖ್ಯೋಪಾಧ್ಯಾಯಿನಿ, ಕೊನೆಗೆ ಸೇವಾ ಜ್ಯೇಷ್ಠತೆಯ ಮೇಲೆ ಪೂರ್ಣ ಪ್ರಮಾಣದ ಮುಖ್ಯೋಪಾಧ್ಯಾಯಿನಿ. ಪ್ರಶಸ್ತಿಗಳಿಲ್ಲದ, ಪತ್ರಿಕೆಯಲ್ಲಿ ಭಾವಚಿತ್ರ ಬಾರದ ವೃತ್ತಿಜೀವನ ಅದು. ನಮ್ಮ ರಾಜ್ಯದ ಬಹುಪಾಲು ಶಾಲಾ ಮುಖ್ಯಸ್ಥರದು ಇಂಥದೇ.

ಅವರು ಅಧಿಕಾರ ವಹಿಸಿಕೊಳ್ಳುವ ಹೊತ್ತಿಗೆ ಶಾಲೆಯ ಸ್ವರೂಪ ಬದಲಾಗಿತ್ತು. ಒಂದು ಕಾಲಕ್ಕೆ ಸುತ್ತಲಿನ ಪೇಟೆಯ ವರ್ತಕರ, ಗುಮಾಸ್ತರ ಮಕ್ಕಳು ತುಂಬಿರುತ್ತಿದ್ದ ತರಗತಿಗಳಲ್ಲಿ ಈಗ ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರು ಕಡೆಯಿಂದ ಬಂದವರ, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ, ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಮಕ್ಕಳಿದ್ದಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಮಕ್ಕಳೂ ಇದ್ದಾರೆ. ನಿವೃತ್ತರಾದವರ ಜಾಗಕ್ಕೆ ಹೊಸಬರು ಬಾರದೆ ಏಳು ಹುದ್ದೆಗಳಲ್ಲಿ ಮೂರು ಖಾಲಿ ಬಿದ್ದಿದ್ದವು. ಅದೇ ಆಡಳಿತ ಮಂಡಳಿ ನಡೆಸುವ, ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಯೊಂದು ನಗರದ ಹೊರವಲಯದಲ್ಲಿ ಬೆಳೆಯುತ್ತಿತ್ತು. ಮೇಡಂ ನಿವೃತ್ತರಾದ ಮೇಲೆ ಅದರ ಪ್ರಾಂಶುಪಾಲರಾಗಬೇಕೆಂದು ಮಂಡಳಿಯವರು ಎರಡು ಬಾರಿ ಬಾಯಿಮಾತಿನಲ್ಲಿ ಹೇಳಿದ್ದರು.

ಪಟ್ಟಿ

ಎಸ್ಸೆಸ್ಸೆಲ್ಸಿ ಫಲಿತಾಂಶವೆಂಬುದು ನಮ್ಮಲ್ಲಿ ಶಾಲೆಯ ಜಾತಕವಿದ್ದಂತೆ. ನಮ್ಮ ಶಾಲೆಗೆ 2023ರಲ್ಲಿ ನೂರಕ್ಕೆ ನೂರು ಬಂದಿತ್ತು. ಆ ವರ್ಷ ರಾಜ್ಯದ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಮಂಡಳಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಟ್ಟಿತು. 2024ರ ಮೇ 9ರಂದು ಬಂದ ಫಲಿತಾಂಶದಲ್ಲಿ ರಾಜ್ಯದ ಪ್ರಮಾಣ, ಕೃಪಾಂಕದ ಮಿತಿಯನ್ನು ಶೇ. 10ರಿಂದ ಶೇ. 20ಕ್ಕೆ ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಇಳಿಯಿತು. ನಮ್ಮ ಶಾಲೆ ಅದಕ್ಕಿಂತಲೂ ಕೆಳಗಿಳಿಯಿತು. ಹಿಂದಿನ ವರ್ಷಗಳ ನೂರರಲ್ಲಿ ಎಷ್ಟು ಪಾಲು ಕಲಿಕೆಯದು, ಎಷ್ಟು ಪಾಲು ಕೊಠಡಿಯ ಸಡಿಲಿಕೆಯದು ಎಂಬ ಪ್ರಶ್ನೆಯನ್ನು ಶಿಕ್ಷಕರ ಕೋಣೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಬೇಕಾಗಿತ್ತು.

ಮೇ ಮೂರನೆಯ ವಾರ ಆಡಳಿತ ಮಂಡಳಿಯ ಕಾರ್ಯದರ್ಶಿಯವರು ನನ್ನನ್ನೂ ಇನ್ನೊಬ್ಬ ಶಿಕ್ಷಕರನ್ನೂ ಕರೆಸಿ, ಹತ್ತನೆಯ ತರಗತಿಗೆ ಬರಲಿರುವ ನಲವತ್ತಾರು ಮಕ್ಕಳಲ್ಲಿ ಪಾಸಾಗುವುದು ಅನುಮಾನವಿರುವವರ ಪಟ್ಟಿ ಕೊಡಿ ಎಂದರು. ಆ ವರ್ಷ ಒಂಬತ್ತನೆಯ ತರಗತಿಯ ಮೌಲ್ಯಾಂಕನವೇ ನ್ಯಾಯಾಲಯದ ಮುಂದಿತ್ತು. ಪರೀಕ್ಷಾ ಮಂಡಳಿ ನಡೆಸಿದ 5, 8, 9 ಮತ್ತು 11ನೆಯ ತರಗತಿಗಳ ಪರೀಕ್ಷೆಯ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ಏಪ್ರಿಲ್ 8ರಂದು ತಡೆ ಕೊಟ್ಟಿತ್ತು. ಆದ್ದರಿಂದ ನಾನು ವರ್ಷದ ಕಿರು ಪರೀಕ್ಷೆಗಳ ಮತ್ತು ಅರ್ಧವಾರ್ಷಿಕದ ಅಂಕಗಳನ್ನು ಕೂಡಿಸಿ, ಒಂದು ಸಂಜೆಯಲ್ಲಿ ಹದಿನಾಲ್ಕು ಹೆಸರುಗಳನ್ನು ಬರೆದುಕೊಟ್ಟೆ. ಅದು ವಿಶೇಷ ತರಗತಿಗಾಗಿ ಎಂದುಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಯಾತಕ್ಕೆಂದು ನನಗೆ ಅಂದಾಜಿತ್ತು, ಮತ್ತು ನಾನು ಕೇಳಲಿಲ್ಲ.

ಬಲಹೀನ ಮಕ್ಕಳನ್ನು ಫಲಿತಾಂಶದ ಲೆಕ್ಕದಿಂದ ಹೊರಗಿಡುವುದಕ್ಕೆ ಬಳಕೆಯಲ್ಲಿರುವ ದಾರಿಗಳು ಕೆಲವಿವೆ. ಪೋಷಕರನ್ನು ಕರೆಸಿ, ಬೇರೆ ಶಾಲೆಯಾದರೆ ಮಗುವಿಗೆ ಒಳ್ಳೆಯದು ಎಂದು ಒಪ್ಪಿಸಿ ಟಿ.ಸಿ. ಕೊಡುವುದು ಒಂದು. ಒಂಬತ್ತರಲ್ಲೇ ಉಳಿಸಿಕೊಳ್ಳುವುದು ಇನ್ನೊಂದು. ಶಾಲೆ ಬಿಡಿಸಿ, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿಸುವುದು ಮತ್ತೊಂದು. ಯಾವುದೂ ಆಗದಿದ್ದರೆ ಶೇ. 75ರ ಹಾಜರಾತಿ ನಿಯಮವಿದ್ದೇ ಇದೆ. ಅಲೆಮಾರಿ ಕೂಲಿಗಳ ಮಕ್ಕಳಿಗೆ ಹಾಜರಾತಿ ಕಡಿಮೆ ಮಾಡುವುದಕ್ಕೆ ಯಾರೂ ಶ್ರಮ ಪಡಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳದು, ಅದರ ಆಸರೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಮಗು ಒಂಬತ್ತಕ್ಕೆ ಕಾಲಿಟ್ಟ ದಿನದಿಂದ ಅದನ್ನು ಉಳಿಸಿಕೊಳ್ಳುವುದೂ ಕಳಿಸಿಬಿಡುವುದೂ ಬಹುಮಟ್ಟಿಗೆ ಶಾಲೆಯ ಮುಖ್ಯಸ್ಥರ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಗುತ್ತದೆ.

ನಡಾವಳಿ ಪುಸ್ತಕ

ಪಟ್ಟಿ ಮೇಡಂ ಕೈಗೆ ಬಂದದ್ದು ಕಾರ್ಯದರ್ಶಿಯವರ ಮೂಲಕ. ಅವರು ನನ್ನನ್ನು ಕರೆಸಿದಾಗ ಬೈಯಲಿಲ್ಲ. ಆ ಹಾಳೆಯನ್ನೇ ನನ್ನ ಮುಂದಿಟ್ಟು, ಪ್ರತಿ ಹೆಸರಿನ ಎದುರಿಗೆ ಎರಡು ವರ್ಷದ ಹಾಜರಾತಿ, ಮನೆ ಎಲ್ಲಿ, ಏಳನೆಯ ತರಗತಿ ಓದಿದ್ದು ಎಲ್ಲಿ, ನನ್ನ ವಿಷಯದಲ್ಲಿ ಆ ಮಗು ಎಂಥ ತಪ್ಪು ಮಾಡುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಬರೆದು ತರಲು ಹೇಳಿದರು. ಮೂರು ದಿನ ಕೊಟ್ಟರು. ಮೊದಲ ಮೂರು ಕೆಲಸ ಕಡತ ನೋಡಿದರೆ ಮುಗಿಯುತ್ತಿತ್ತು. ನಾಲ್ಕನೆಯದಕ್ಕೆ ಹಳೆಯ ಉತ್ತರಪತ್ರಿಕೆಗಳನ್ನು ಮತ್ತೆ ತೆಗೆದು ಕೂರಬೇಕಾಯಿತು. ಅಂಕ ಕೊಡುವಾಗ ನೋಡಿದ್ದ ಪತ್ರಿಕೆಗಳೇ. ಆದರೆ ಅಂಕ ಕೊಡುವ ಕಣ್ಣಿಗೆ ತಪ್ಪು ಕಾಣುತ್ತದೆಯೇ ಹೊರತು ತಪ್ಪಿನ ಬಗೆ ಕಾಣುವುದಿಲ್ಲ.

ಹೊರಬಿದ್ದ ಚಿತ್ರ ಹೀಗಿತ್ತು. ಐದು ಮಕ್ಕಳ ಗೈರುಹಾಜರಿ ವರ್ಷವಿಡೀ ಹರಡಿರಲಿಲ್ಲ. ನವೆಂಬರಿನಿಂದ ಜನವರಿಯವರೆಗೆ ಒಟ್ಟಿಗೆ ಬಿದ್ದಿತ್ತು. ಯಾದಗಿರಿ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಅದು. ನಾಲ್ವರು ಎಂಟನೆಯ ತರಗತಿಯವರೆಗೆ ಕಡಿಮೆ ಶುಲ್ಕದ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಓದಿ, ಶುಲ್ಕ ಕಟ್ಟಲಾಗದೆ ನಮ್ಮಲ್ಲಿಗೆ ಬಂದವರು. ಅವರಿಗೆ ಕನ್ನಡದ ಲೆಕ್ಕದ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಕಷ್ಟವಾಗಿತ್ತು, ಲೆಕ್ಕವನ್ನು ಅಂಕಿಗಳಲ್ಲಿ ಕೊಟ್ಟರೆ ಮಾಡುತ್ತಿದ್ದರು. ಇಬ್ಬರು ಹುಡುಗರು ನಸುಕಿನ ನಾಲ್ಕಕ್ಕೆ ಹೂವಿನ ಮಾರುಕಟ್ಟೆಯಲ್ಲಿ ಚೀಲ ಇಳಿಸಿ ಶಾಲೆಗೆ ಬರುತ್ತಿದ್ದರು. ಒಬ್ಬಳು ಹುಡುಗಿ ತಾಯಿ ಗಾರ್ಮೆಂಟ್ಸ್‌ಗೆ ಹೋದ ಮೇಲೆ ಇಬ್ಬರು ತಮ್ಮಂದಿರನ್ನು ನೋಡಿಕೊಳ್ಳುತ್ತಿದ್ದಳು. ಇನ್ನೊಬ್ಬ ಹುಡುಗ ಕಪ್ಪು ಹಲಗೆಯಲ್ಲಿದ್ದ 3ನ್ನು 8 ಎಂದು, 1ನ್ನು 7 ಎಂದು ಬರೆದುಕೊಳ್ಳುತ್ತಿದ್ದ. ಅವನನ್ನು ಮಿಂಟೋ ಕಣ್ಣಾಸ್ಪತ್ರೆಗೆ ಕರೆದೊಯ್ದಾಗ ಕನ್ನಡಕ ಬೇಕಾಗಿದ್ದುದು ಗೊತ್ತಾಯಿತು. ಎರಡು ವರ್ಷ ಅವನು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಹದಿನಾಲ್ಕನೆಯ ಹುಡುಗನಿಗೆ ಮಾತ್ರ ನನಗೆ ಯಾವ ಕಾರಣವೂ ಸಿಗಲಿಲ್ಲ. ಎಲ್ಲರಿಗೂ ಸಮಾನವಾದ ಇನ್ನೊಂದು ಸಂಗತಿಯಿತ್ತು: ಈ ಮಕ್ಕಳು ಆರನೆಯ ತರಗತಿಯಲ್ಲಿರಬೇಕಾಗಿದ್ದ 2020–21ರ ಬಹುಭಾಗ ಶಾಲೆಯ ಬಾಗಿಲು ಮುಚ್ಚಿತ್ತು. ಭಿನ್ನರಾಶಿ, ದಶಮಾಂಶ ಗಟ್ಟಿಯಾಗಬೇಕಾದ ವರ್ಷ ಅದು.

ಆಡಳಿತ ಮಂಡಳಿಯ ಸಭೆಗೆ ಶಿಕ್ಷಕರ ಪರವಾಗಿ ನಾನೂ ಹೋಗಿದ್ದೆ. ಅಲ್ಲಿ ಮೇಡಂ ಕರುಣೆಯ ಮಾತನ್ನು ಆಡುತ್ತಾರೆಂದು ನಾನು ನಿರೀಕ್ಷಿಸಿದ್ದೆ. ಅವರು ಲೆಕ್ಕದಿಂದ ಆರಂಭಿಸಿದರು. ಅನುದಾನಿತ ಶಾಲೆಯಲ್ಲಿ ಹುದ್ದೆ ಉಳಿಯುವುದು ಮಕ್ಕಳ ಸಂಖ್ಯೆಯ ಮೇಲೆ. ಮೂರು ಹುದ್ದೆ ಆಗಲೇ ಖಾಲಿ ಇರುವಾಗ ಒಂದೇ ತರಗತಿಯಿಂದ ಹದಿನಾಲ್ಕು ಮಕ್ಕಳನ್ನು ಕಳಿಸಿದರೆ, ಮುಂದೆ ಆ ಹುದ್ದೆಗಳ ಭರ್ತಿಗೆ ಅನುಮತಿ ಕೇಳುವ ಮುಖ ನಮಗಿರುವುದಿಲ್ಲ ಎಂದು ವಿವರಿಸಿದರು. ಕೆಲವರು ತಲೆದೂಗಿದರು. ಆದರೂ ಕಾರ್ಯದರ್ಶಿಯವರು, "ಹತ್ತು ವರ್ಷ ಕಟ್ಟಿದ ಹೆಸರು ಹೋಗ್ತದಲ್ಲ ಮೇಡಂ, ಪೋಷಕರನ್ನ ನಿಧಾನವಾಗಿ ಒಪ್ಪಿಸಿ, ಯಾರಿಗೂ ನೋವಾಗದ ಹಾಗೆ ಮಾಡಿ" ಎಂದರು.

ಆಗ ಮೇಡಂ ನಡಾವಳಿ ಪುಸ್ತಕವನ್ನು ಅವರ ಮುಂದೆ ಸರಿಸಿ ಹೇಳಿದ ಮಾತು ನನಗೆ ಇಂದಿಗೂ ಹಾಗೆಯೇ ನೆನಪಿದೆ. "ಆಗಲಿ ಸರ್, ಮಾಡ್ತೀನಿ. ಈ ಹದಿನಾಲ್ಕು ಮಕ್ಕಳಿಗೆ ಫಲಿತಾಂಶದ ಕಾರಣಕ್ಕೆ ಟಿ.ಸಿ. ಕೊಡಬೇಕು ಅಂತ ಠರಾವು ಬರೆಸಿ ಎಲ್ಲರೂ ಸಹಿ ಹಾಕಿಕೊಡಿ. ನಾಳೆಯೇ ಪೋಷಕರಿಗೆ ತೋರಿಸ್ತೀನಿ."

ಯಾರೂ ಲೇಖನಿ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹಿರಿಯ ಸದಸ್ಯರೊಬ್ಬರು, ಇದನ್ನೆಲ್ಲ ಬರೆಯುವುದು ಪದ್ಧತಿಯಲ್ಲ ಎಂದರು. ಹಾಗಾದರೆ ಮಾಡುವುದೂ ಪದ್ಧತಿಯಾಗಬಾರದು ಎಂದು ಮೇಡಂ ಉತ್ತರಿಸಿ, ತಾವೇ ಪುಸ್ತಕ ತೆಗೆದುಕೊಂಡು ಬೇರೊಂದು ಠರಾವು ಬರೆದರು: ನಲವತ್ತಾರು ಮಕ್ಕಳೂ ಶಾಲೆಯ ವಿದ್ಯಾರ್ಥಿಗಳಾಗಿಯೇ ಪರೀಕ್ಷೆಗೆ ಕೂರುವರು, ಫಲಿತಾಂಶದ ಹೊಣೆ ಮುಖ್ಯೋಪಾಧ್ಯಾಯಿನಿಯದು. ಅದಕ್ಕೆ ಅವರೊಬ್ಬರೇ ಮೊದಲು ಸಹಿ ಹಾಕಿದರು. ಉಳಿದವರು ಓದಿ ನೋಡಿ ಸಹಿ ಮಾಡಿದರು. ತಮ್ಮ ಹೊಣೆ ಏನೂ ಇಲ್ಲದ ಠರಾವಿಗೆ ಸಹಿ ಹಾಕುವುದು ಕಷ್ಟವಲ್ಲ.

ಈ ಪ್ರಕರಣವನ್ನು ಬರೆಯಲು ನನಗಿರುವ ಮುಖ್ಯ ಕಾರಣ ಆ ಹತ್ತು ನಿಮಿಷ. ಶಾಲೆಗಳಲ್ಲಿ ಮಕ್ಕಳಿಗೆ ಆಗುವ ಅನ್ಯಾಯಗಳಲ್ಲಿ ಹೆಚ್ಚಿನವಕ್ಕೆ ಆದೇಶವಿರುವುದಿಲ್ಲ, ಸುತ್ತೋಲೆ ಇರುವುದಿಲ್ಲ. ಅವು ಬಾಯಿಮಾತಿನಲ್ಲಿ ಹುಟ್ಟಿ, ಬಾಯಿಮಾತಿನಲ್ಲಿಯೇ ಜಾರಿಯಾಗುತ್ತವೆ. ಪೋಷಕರ ಅರ್ಜಿಯ ಮೇಲೆ ಟಿ.ಸಿ. ಕೊಡಲಾಗಿದೆ ಎಂಬ ಒಂದು ಸಾಲು ಮಾತ್ರ ಕಡತದಲ್ಲಿ ಉಳಿಯುತ್ತದೆ. ಮುಖ್ಯಸ್ಥರ ಅಧಿಕಾರ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಈ ಬಾಯಿಮಾತನ್ನು ಬರಹಕ್ಕೆ ತರುವ ಧೈರ್ಯದಲ್ಲಿದೆ ಎಂದು ನನಗೆ ಅಂದು ತಿಳಿಯಿತು.

ಒಂಬತ್ತು ತಿಂಗಳು

ಜೂನ್ ಮೊದಲ ವಾರದಿಂದ ಬೆಳಗ್ಗೆ ಎಂಟೂವರೆಗೆ ಒಂದು ಗಂಟೆಯ ತರಗತಿ ಆರಂಭವಾಯಿತು. ನಮ್ಮ ಕಡೆ ಇಂಥ ಮಕ್ಕಳಿಗೆ 'ಪಾಸಿಂಗ್ ಪ್ಯಾಕೇಜ್' ಎಂಬುದೊಂದನ್ನು ಕೊಡುವುದು ರೂಢಿ. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಖಂಡಿತ ಬರುವ ನಕ್ಷೆ, ರಚನೆ, ಚಿತ್ರ, ಪತ್ರಲೇಖನಗಳನ್ನು ಉರು ಹೊಡೆಸಿ, ಆಗಿನ ನಿಯಮದಂತೆ ಪ್ರಥಮ ಭಾಷೆಯಲ್ಲಿ 100ಕ್ಕೆ 35, ಉಳಿದ ವಿಷಯಗಳಲ್ಲಿ ಲಿಖಿತ 80ಕ್ಕೆ 28 ದಾಟಿಸುವ ಉಪಾಯ ಅದು. ಮೇಡಂ ಅದನ್ನು ಬೇಡವೆನ್ನಲಿಲ್ಲ, ಡಿಸೆಂಬರಿಗೆ ಮುಂದೂಡಿದರು. ಮೊದಲ ಆರು ತಿಂಗಳು ಓದು ಮತ್ತು ಆರನೆಯ ತರಗತಿಯ ಗಣಿತ ಮಾತ್ರ. ಓದಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. ಆ ದಿನದ ಪತ್ರಿಕೆಯ ಒಂದು ಸುದ್ದಿಯನ್ನು ಮಗು ಗಟ್ಟಿಯಾಗಿ ಓದಬೇಕು, ಮುಚ್ಚಿಟ್ಟು ಹೇಳಬೇಕು, ಆಮೇಲೆ ಮೂರು ವಾಕ್ಯ ಬರೆಯಬೇಕು. ಇಂಗ್ಲಿಷ್ ಮಾಧ್ಯಮದಿಂದ ಬಂದ ನಾಲ್ವರಲ್ಲಿ ಮೂವರು ಸೆಪ್ಟೆಂಬರ್ ಹೊತ್ತಿಗೆ ವಿಜ್ಞಾನದ ಪಾಠವನ್ನು ತಾವಾಗಿ ಓದಿಕೊಳ್ಳತೊಡಗಿದರು. ಗಣಿತದಲ್ಲಿ ಅವರ ಏರಿಕೆ ನನ್ನಿಂದಾದದ್ದಲ್ಲ, ಆ ಓದಿನಿಂದಾದದ್ದು.

ಹಾಜರಾತಿಯ ಕೆಲಸ ಬೋಧನೆಗಿಂತ ಕಠಿಣವಾಗಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರ ಬಸ್ ಪ್ರಯಾಣ ಉಚಿತವಾಗಿದ್ದರಿಂದ ದೂರದಿಂದ ಬರುವ ಹುಡುಗಿಯರ ಗೈರುಹಾಜರಿ ಕಡಿಮೆಯಾಗಿತ್ತು. ಹುಡುಗರು ಮಾತ್ರ ಪಾಸ್ ಮಾಡಿಸುವವರೆಗೆ ಬಸ್ಸಿನ ದುಡ್ಡಿಲ್ಲವೆಂದು ಮನೆಯಲ್ಲಿ ಉಳಿಯುತ್ತಿದ್ದರು; ಆ ಅರ್ಜಿಗಳನ್ನು ಮೇಡಂ ಮೊದಲ ವಾರದಲ್ಲೇ ಮುಂದೆ ಕುಳಿತು ಭರ್ತಿ ಮಾಡಿಸಿದರು. ಮಾರುಕಟ್ಟೆಯ ಇಬ್ಬರು ಹುಡುಗರಿಗೆ ಕೆಲಸ ಬಿಡಿ ಎನ್ನಲಿಲ್ಲ. ಬಿಡುವ ಸ್ಥಿತಿಯಲ್ಲಿ ಮನೆಯವರಿರಲಿಲ್ಲ. ಅವರಿಗೆ ಬೆಳಗಿನ ತರಗತಿಯ ಬದಲು ಸಂಜೆ ಹೊತ್ತು ಗೊತ್ತುಮಾಡಿ, ಕ್ಷೀರಭಾಗ್ಯದ ಹಾಲಿನ ನಂತರ ಅರ್ಧ ಗಂಟೆ ಶಿಕ್ಷಕರ ಕೋಣೆಯ ಪಕ್ಕದಲ್ಲಿ ಮಲಗಲು ಬಿಟ್ಟರು. ಇದಕ್ಕೆ ಸಹೋದ್ಯೋಗಿಗಳ ಆಕ್ಷೇಪ ಬಂತು. ಶಾಲೆ ಮಲಗುವ ಜಾಗವೇ ಎಂಬ ಮಾತಿಗೆ ಅವರು ಉತ್ತರ ಕೊಡಲಿಲ್ಲ, ವ್ಯವಸ್ಥೆಯನ್ನೂ ಬದಲಿಸಲಿಲ್ಲ.

ಹತ್ತಿಯ ಕಾಲ ಬಂದಾಗ ನಿಜವಾದ ಪರೀಕ್ಷೆ ಎದುರಾಯಿತು. ಅಕ್ಟೋಬರ್ ಕೊನೆಯಲ್ಲಿ ಮೇಡಂ ಐದು ಮನೆಗಳಿಗೂ ಹೋದರು. ಎರಡು ಕಡೆ ನಾನು ಜೊತೆಗಿದ್ದೆ. ಕಟ್ಟಡವೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿ ತಾಯಿಯೊಬ್ಬರು, "ಅಕ್ಕೋರ, ಹುಡುಗನ್ನ ಒಬ್ಬನ್ನ ಇಲ್ಲಿ ಹೆಂಗ ಬಿಟ್ಟ ಹೋಗೂದ್ರಿ? ಹತ್ತಿ ಬಿಡಸೂದು ಮುಗದ ಮ್ಯಾಲ ಕಳಸ್ತೀವ್ರಿ" ಎಂದರು. ಆ ಪ್ರಶ್ನೆಯಲ್ಲಿ ನ್ಯಾಯವಿತ್ತು. ಇಬ್ಬರು ಹುಡುಗರಿಗೆ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ವರ್ಷದ ನಡುವೆ ಜಾಗ ಸಿಗಲು ಮೇಡಂ ಕಚೇರಿಗೆ ಆರು ಸಲ ಅಲೆದರು. ಒಬ್ಬಳು ಹುಡುಗಿ ದೊಡ್ಡಮ್ಮನ ಮನೆಯಲ್ಲಿ ಉಳಿದಳು. ಇನ್ನೊಬ್ಬ ಊರಿಗೆ ಹೋಗಿ, ಕೊಟ್ಟ ಮಾತಿನಂತೆ ಸಂಕ್ರಾಂತಿಗೆ ಮೊದಲೇ ಮರಳಿದ. ಐದನೆಯವನ ತಂದೆ ಬೇರೆ ಕಂತ್ರಾಟುದಾರನ ಕೆಲಸ ಹಿಡಿದು ಮನೆ ಬದಲಿಸಿದ್ದರು. ಫೋನ್ ಸಂಖ್ಯೆಯೂ ಬದಲಾಗಿತ್ತು. ಆ ಹುಡುಗ ನಮಗೆ ಮತ್ತೆ ಸಿಗಲಿಲ್ಲ. ತಮ್ಮಂದಿರನ್ನು ನೋಡಿಕೊಳ್ಳುತ್ತಿದ್ದ ಹುಡುಗಿಯೂ ಡಿಸೆಂಬರಿನಲ್ಲಿ ನಿಂತುಬಿಟ್ಟಳು. ಮೇಡಂ ಅವಳ ಮನೆಗೆ ನಾಲ್ಕು ಬಾರಿ ಹೋದರೂ ಆಗಲಿಲ್ಲ. ಹದಿನಾಲ್ಕರಲ್ಲಿ ಇಬ್ಬರು ಹೀಗೆ ಪರೀಕ್ಷೆಗೆ ಮೊದಲೇ ಕೈತಪ್ಪಿದರು.

ಈ ಅವಧಿಯಲ್ಲಿ ಮೇಡಂ ಮಾಡಿದ್ದೆಲ್ಲವೂ ಸರಿಯೆಂದು ನಾನು ಹೇಳಲಾರೆ. ಜನವರಿಯಿಂದ ಹತ್ತನೆಯ ತರಗತಿಯ ಆಟದ ಅವಧಿಗಳನ್ನೆಲ್ಲ ತೆಗೆದರು. ಹದಿನಾಲ್ಕನೆಯ ಹುಡುಗ, ಅಂದರೆ ನನಗೆ ಕಾರಣ ಸಿಗದಿದ್ದವನು, ಶಾಲೆಗೆ ಬರುತ್ತಿದ್ದದ್ದೇ ಖೋ ಖೋಗಾಗಿ ಎಂದು ನಮಗೆ ಗೊತ್ತಾದದ್ದು ಅವನು ಬೇಸರಗೊಂಡು ಗೈರಾಗತೊಡಗಿದ ಮೇಲೆ. ಎಂಟನೆಯ ತರಗತಿಯವರ ಕಡೆ ಆ ವರ್ಷ ಯಾರ ಗಮನವೂ ಇರಲಿಲ್ಲ. ಮೂಲತಃ ಎರಡು ವರ್ಷ ಮುಂಚೆ ಮಾಡಬೇಕಾದ ಕೆಲಸವನ್ನು ನಾವು ಹತ್ತನೆಯ ತರಗತಿಯಲ್ಲಿ, ಪರೀಕ್ಷೆ ತಲೆಯ ಮೇಲಿರುವಾಗ ಮಾಡುತ್ತಿದ್ದೆವು. ಇದನ್ನು ಅವರಿಗೆ ಹೇಳಿದಾಗ ಒಪ್ಪಿದರು. ಎಂಟಕ್ಕೆ ಸೇರುವ ಪ್ರತಿ ಮಗುವಿಗೆ ಮೊದಲ ವಾರದಲ್ಲೇ ಓದಿನ ಮತ್ತು ಭಿನ್ನರಾಶಿಯ ಪರೀಕ್ಷೆ ಮಾಡುವ ಕ್ರಮ ಮರುವರ್ಷದಿಂದ ನಮ್ಮಲ್ಲಿ ಬಂತು.

ಫಲಿತಾಂಶ

2025ರಲ್ಲಿ ಹೆಚ್ಚುವರಿ ಕೃಪಾಂಕವಿರಲಿಲ್ಲ, ಕ್ಯಾಮೆರಾಗಳಿದ್ದವು. ಮೇ 2ರಂದು ಬಂದ ಪರೀಕ್ಷೆ-1ರ ಫಲಿತಾಂಶದಲ್ಲಿ ಬರೆದ ನಲವತ್ತನಾಲ್ಕು ಮಕ್ಕಳಲ್ಲಿ ಮೂವತ್ತೇಳು ಮಂದಿ ತೇರ್ಗಡೆಯಾದರು. ಪಟ್ಟಿಯ ಹನ್ನೆರಡರಲ್ಲಿ ಏಳು ಮಂದಿ, ಉಳಿದ ಮೂವತ್ತೆರಡರಲ್ಲಿ ಮೂವತ್ತು ಮಂದಿ. ಈ ಎರಡನೆಯ ಸಂಖ್ಯೆಯ ಮುಂದೆ ನಾನು ಬಹಳ ಹೊತ್ತು ಕುಳಿತೆ. ಹದಿನಾಲ್ಕು ಮಕ್ಕಳನ್ನು ಕಳಿಸಿದ್ದರೂ ನೂರಕ್ಕೆ ನೂರು ಬರುತ್ತಿರಲಿಲ್ಲ. ನಾನು ಸುರಕ್ಷಿತವೆಂದು ಬಿಟ್ಟಿದ್ದ ಇಬ್ಬರು ಅನುತ್ತೀರ್ಣರಾಗಿದ್ದರು. ಕಣ್ಣಿನ ದೋಷದ ಹುಡುಗ ಗಣಿತದಲ್ಲಿ ಅರವತ್ತು ದಾಟಿದ್ದ. ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಇದ್ದುದರಿಂದ ಸುರಕ್ಷಿತರ ಪೈಕಿ ಇಬ್ಬರೂ ಪಟ್ಟಿಯ ಇನ್ನೂ ಮೂವರೂ ಪರೀಕ್ಷೆ-2ರಲ್ಲಿ, ಮತ್ತೊಬ್ಬಳು ಪರೀಕ್ಷೆ-3ರಲ್ಲಿ ತೇರ್ಗಡೆಯಾದರು. ಖೋ ಖೋ ಹುಡುಗ ಮಾತ್ರ ಉಳಿದ.

ಆಡಳಿತ ಮಂಡಳಿಯ ಲೆಕ್ಕದಲ್ಲಿ ಪರೀಕ್ಷೆ-1ರ ಶೇ. 84 ಮಾತ್ರ ದಾಖಲಾಯಿತು. ಹೊರವಲಯದ ಶಾಲೆಗೆ ಬೇರೊಬ್ಬರು ಪ್ರಾಂಶುಪಾಲರಾಗಿ ಬಂದರು. ಆ ಬಗ್ಗೆ ಮೇಡಂಗೆ ಯಾರೂ ತಿಳಿಸಲಿಲ್ಲ. ಬಾಯಿಮಾತಿನ ಭರವಸೆಯಾದ್ದರಿಂದ ಹಿಂಪಡೆಯುವುದಕ್ಕೂ ಪತ್ರ ಬೇಕಾಗಲಿಲ್ಲ. ಅವರಿಗೆ ಬೇಸರವಾಗಿತ್ತು. ಮಗನ ಓದಿನ ಸಾಲ ಇನ್ನೂ ಇತ್ತು, ಆ ಕೆಲಸ ಅವರಿಗೆ ಬೇಕಾಗಿತ್ತು. ಇದನ್ನು ಬಿಟ್ಟು ಬರೆದರೆ ಅವರ ನಿರ್ಧಾರದ ಬೆಲೆ ಓದುಗರಿಗೆ ತಿಳಿಯುವುದಿಲ್ಲ.

2025ರ ಜುಲೈ 31ರಂದು ಅವರು ವಯೋನಿವೃತ್ತಿ ಹೊಂದಿದರು. ಪ್ರಭಾರ ನನಗೆ ಬಂತು. ಚಾರ್ಜ್ ಲಿಸ್ಟ್‌ನಲ್ಲಿ ದಾಖಲಾತಿ ವಹಿ, ನಗದು ಪುಸ್ತಕ, ಬೀರುಗಳ ಬೀಗದ ಕೈ, ಪ್ರಯೋಗಾಲಯದ ಸಾಮಾನು ಎಲ್ಲವನ್ನೂ ಒಂದೊಂದಾಗಿ ಎಣಿಸಿ ತೆಗೆದುಕೊಂಡೆ. ಕೊನೆಯ ಸಾಲಿನಲ್ಲಿ ಅವರು ತಮ್ಮ ಕೈಯಿಂದಲೇ ಸೇರಿಸಿದ್ದರು: 'ಹದಿನಾಲ್ಕು ಮಕ್ಕಳ ಪುಸ್ತಕ, ಒಂದು. ಮೂರು ಹೆಸರು ಬಾಕಿ.' ಪುಸ್ತಕ ತೆರೆದರೆ ಮೊದಲ ಪುಟಕ್ಕೆ ನನ್ನ ಅಕ್ಷರದ ಆ ಹಳೆಯ ಹಾಳೆಯನ್ನು ಅಂಟಿಸಿತ್ತು. ಪಡೆದುಕೊಂಡಿದ್ದೇನೆ ಎಂದು ಬರೆದು ಸಹಿ ಹಾಕಿದೆ. ಖೋ ಖೋ ಹುಡುಗ ಅಪ್ಪನ ಜೊತೆ ಕಲಾಸಿಪಾಳ್ಯದ ಲಾರಿ ಕಚೇರಿಯೊಂದರಲ್ಲಿದ್ದಾನೆ ಎಂದು ಅವರೇ ಹೇಳಿ ವಿಳಾಸ ಬರೆಸಿದರು. ಮರುದಿನ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋದೆ.